ಬೆಂಗಳೂರಲ್ಲೇ ಮನೆ, ಬಸವನಗುಡಿ ಲಾಡ್ಜಲ್ಲಿ ಮೂರು ರಾತ್ರಿ

ನಮ್ಮೂರ ಕಡೆ 'ಹೋಟೆಲ್' ಅಂದ್ರೆ ಇವತ್ತಿಗೂ ತಿಂಡಿ ತಿನ್ನೋ ಜಾಗ. ರಾತ್ರಿ ಉಳ್ಕೊಳ್ಳೋ ಜಾಗ ಅಂದ್ರೆ 'ಲಾಡ್ಜ್'. ಬುಕಿಂಗ್ ಆ್ಯಪ್‌ಗಳು ಎರಡನ್ನೂ ಸೇರಿಸಿ ಹೋಟೆಲ್ ಅಂತ ಕರೆದರೂ, ಲಾಡ್ಜ್ ಅನ್ನೋ ಪದ ಕಿವಿಗೆ ಬಿದ್ದರೆ ನಮ್ಮ ಜನ ಸ್ವಲ್ಪ ಮುಖ ಸಿಂಡರಿಸುತ್ತಾರೆ. ಅದರಲ್ಲೂ ಅದೇ ಊರಲ್ಲಿ ಮಗನ ಮನೆ ಇದ್ದೂ ಅಪ್ಪ ಅಮ್ಮ ಲಾಡ್ಜಲ್ಲಿ ಉಳ್ಕೊಂಡ್ರು ಅಂದ್ರೆ ಕೇಳೋದೇ ಬೇಡ. ನೆಂಟರ ವಾಟ್ಸ್ಆ್ಯಪ್ ಗುಂಪಿಗೆ ಒಂದು ವಾರಕ್ಕಾಗೋಷ್ಟು ಮಾತು.

ನಾನು ಮಾಡಿದ್ದು ಅದನ್ನೇ. ಅಮ್ಮನ ಬಲಗಣ್ಣಿನ ಪೊರೆ ಆಪರೇಷನ್‌ಗೆ ಅಂತ ಅಪ್ಪ ಅಮ್ಮ ಅರಸೀಕೆರೆಯಿಂದ ಬಂದರು. ಅವರನ್ನು ವೈಟ್‌ಫೀಲ್ಡ್‌ನ ನನ್ನ ಫ್ಲ್ಯಾಟಿಗೆ ಕರ್ಕೊಂಡು ಹೋಗಲಿಲ್ಲ. ಗಾಂಧಿ ಬಜಾರ್ ಹತ್ತಿರದ ಒಂದು ಲಾಡ್ಜಲ್ಲಿ ರೂಮ್ ಮಾಡಿ ಮೂವರೂ ಮೂರು ರಾತ್ರಿ ಅಲ್ಲೇ ಇದ್ವಿ.

ಲೆಕ್ಕ ಸರಳ. ಆಸ್ಪತ್ರೆ ಇದ್ದಿದ್ದು ಬಸವನಗುಡಿ ಕಡೆ. ಬುಧವಾರ ಪರೀಕ್ಷೆಗಳು, ಗುರುವಾರ ಬೆಳಿಗ್ಗೆ ಏಳಕ್ಕೆಲ್ಲ ಹಾಜರಾಗಿ ಆಪರೇಷನ್, ಸಂಜೆ ಡಿಸ್ಚಾರ್ಜ್, ಶುಕ್ರವಾರ ಬೆಳಿಗ್ಗೆ ಮತ್ತೆ ತೋರಿಸಬೇಕು. ವೈಟ್‌ಫೀಲ್ಡ್‌ನಿಂದ ಇಲ್ಲಿಗೆ ಇಪ್ಪತ್ತು ಕಿಲೋಮೀಟರ್ ದಾಟುತ್ತೆ. ಕ್ಯಾಬಲ್ಲಿ ಎರಡು ಗಂಟೆ ಹಿಡಿದರೂ ಯಾರೂ ಆಶ್ಚರ್ಯ ಪಡಲ್ಲ. 2023ರ ಅಕ್ಟೋಬರಿನಿಂದ ನೇರಳೆ ಮಾರ್ಗ ವೈಟ್‌ಫೀಲ್ಡ್‌ನಿಂದ ಚಲ್ಲಘಟ್ಟದವರೆಗೆ ಪೂರ್ತಿ ಓಡುತ್ತಿದೆ, ನಿಜ. ಆದ್ರೆ ಕಣ್ಣಿಗೆ ಕವಚ ಹಾಕ್ಕೊಂಡಿರೋ ಅಮ್ಮನನ್ನು ಮೆಜೆಸ್ಟಿಕ್ ನಿಲ್ದಾಣದ ಆ ಜನಜಂಗುಳಿಯಲ್ಲಿ ಹಸಿರು ಮಾರ್ಗದಿಂದ ನೇರಳೆ ಮಾರ್ಗಕ್ಕೆ ಬದಲಾಯಿಸಿಕೊಂಡು ಕರ್ಕೊಂಡು ಹೋಗೋ ಧೈರ್ಯ ನನಗಿರಲಿಲ್ಲ.

ಇನ್ನೊಂದು ಕಾರಣ ಅಪ್ಪ. ಅಪಾರ್ಟ್‌ಮೆಂಟಿನ ಹದಿನಾಲ್ಕನೇ ಮಹಡಿಯಲ್ಲಿ ಅಪ್ಪ ಬೇರೆಯೇ ಮನುಷ್ಯ ಆಗ್ಬಿಡ್ತಾರೆ. ಗೇಟಿನ ಹೊರಗೆ ಫುಟ್‌ಪಾತ್ ಇಲ್ಲದ ಸರ್ವಿಸ್ ರಸ್ತೆ, ಒಳಗೆ ಬರೋವಾಗ ಆ್ಯಪಲ್ಲಿ ಅನುಮತಿ. ಊರಲ್ಲಿ ದಿನಕ್ಕೆ ನಾಲ್ಕು ಸಲ ಪೇಟೆಗೆ ಹೋಗಿಬರೋ ಮನುಷ್ಯ ಅಲ್ಲಿ ಬಾಲ್ಕನಿಯಲ್ಲಿ ನಿಂತು ಕಾರು ಎಣಿಸ್ತಾರೆ.

ರೂಮ್ ಸಿಗೋದಕ್ಕೆ ಮುಂಚೆ ಒಂದು ತಮಾಷೆ ನಡೀತು. ಆ್ಯಪಲ್ಲಿ ನೋಡಿ ಫೋನ್ ಮಾಡಿದ ಮೊದಲ ಜಾಗದವರು ನನ್ನ ಆಧಾರ್ ಬೆಂಗಳೂರಿನದು ಅಂತ ಕೇಳಿ "ಲೋಕಲ್ ಐಡಿ ನಡೆಯಲ್ಲ ಸರ್" ಅಂದ್ರು. ಇದು ಸರ್ಕಾರದ ನಿಯಮ ಅಲ್ಲ, ಎಷ್ಟೋ ಹೋಟೆಲ್‌ಗಳು ತಾವೇ ಮಾಡ್ಕೊಂಡಿರೋದು. ನಮ್ಮೂರಲ್ಲಿ ನಮಗೇ ರೂಮ್ ಇಲ್ಲ! ನೀವೂ ನಿಮ್ಮ ಊರಲ್ಲೇ ರೂಮ್ ಮಾಡೋದಾದ್ರೆ ದುಡ್ಡು ಕಟ್ಟೋ ಮುಂಚೆ ಆ್ಯಪಲ್ಲಿ 'ಲೋಕಲ್ ಐಡಿ' ಸಾಲನ್ನು ಓದಿ, ಆಮೇಲೆ ಒಂದು ಫೋನೂ ಮಾಡಿ. ಹಾಗೇ ಯುಐಡಿಎಐ ಜಾಲತಾಣದಿಂದ ಮಾಸ್ಕ್ಡ್ ಆಧಾರ್ ಇಳಿಸಿಕೊಂಡಿರಿ. ಅದರಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತೆ, ಪೂರ್ತಿ ನಂಬರಿನ ಜೆರಾಕ್ಸ್ ಹಂಚೋದು ತಪ್ಪುತ್ತೆ.

ಎರಡನೇ ಜಾಗದ ಮ್ಯಾನೇಜರು ಕುಂದಾಪುರ ಕಡೆಯವರು. ಐಡಿ ಕೈಗೆ ತಗೊಳ್ಳೋ ಮುಂಚೆಯೇ "ಆಪರೇಷನ್ ಯಾರಿಗೆ, ಅಮ್ಮನಿಗಾ? ಹಾಗಾದ್ರೆ ಮೊದಲನೇ ಮಹಡಿ ಕೊಡ್ತೆ" ಅಂದ್ರು. ರಿಜಿಸ್ಟರ್ ನನ್ನ ಕಡೆ ತಿರುಗಿಸಿದ್ರು. ಹಳೇ ಕಾಲದ ಉದ್ದನೆ ಪುಸ್ತಕ. ಹೆಸರು, ಊರು, ಬಂದ ಉದ್ದೇಶ. ನನ್ನ ಸಾಲಿನ ಮೇಲೆ ಕಣ್ಣಾಡಿಸಿದೆ. ಚಳ್ಳಕೆರೆ: ಮದುವೆ. ಶಿರಸಿ: ಆಸ್ಪತ್ರೆ. ಮಂಡ್ಯ: ಕಾಲೇಜ್ ಅಡ್ಮಿಷನ್. ಕೊಪ್ಪಳ: ಕೋರ್ಟ್. ಸುಳ್ಯ: ಆಸ್ಪತ್ರೆ. 'ಪ್ರವಾಸ' ಅಂತ ಬರೆದವರು ಆ ಪುಟದಲ್ಲಿ ಒಬ್ಬರೂ ಇರಲಿಲ್ಲ. ರಾಜ್ಯದ ಜನ ಬೆಂಗಳೂರಿಗೆ ಯಾಕೆ ಬರ್ತಾರೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಡೇಟಾ ನಾನು ನೋಡಿಲ್ಲ.

ಹೀಗೆ ಕೆಲಸದ ಮೇಲೆ ಬಂದವರನ್ನು ಉಳಿಸಿಕೊಳ್ಳೋದು ಈ ಊರಿಗೆ ಹೊಸದಲ್ಲ. ರೈಲು ನಿಲ್ದಾಣದ ಹತ್ತಿರದ ಗುಬ್ಬಿ ತೋಟದಪ್ಪ ಛತ್ರ 1903ರಲ್ಲಿ ಉದ್ಘಾಟನೆ ಆಗಿದ್ದು. ಪ್ರಯಾಣಿಕರಿಗೆ ಛತ್ರ, ಓದೋ ಹುಡುಗರಿಗೆ ಹಾಸ್ಟೆಲ್, ಎರಡನ್ನೂ ಒಬ್ಬ ವ್ಯಾಪಾರಿ ತನ್ನ ದುಡ್ಡಿನಲ್ಲಿ ಕಟ್ಟಿಸಿದ್ರು. ಬಸವನಗುಡಿ ತುಂಬಿಕೊಂಡಿದ್ದೂ ಒಂದು ಕಷ್ಟದಿಂದಲೇ. 1898ರಲ್ಲಿ ಪ್ಲೇಗ್ ಬಂದಾಗ ಇಕ್ಕಟ್ಟಿನ ಪೇಟೆ ಬಿಟ್ಟು ಬಂದ ಜನ ಗಾಳಿ ಬೆಳಕು ಚೆನ್ನಾಗಿರೋ ಇಲ್ಲಿನ, ಮಲ್ಲೇಶ್ವರದ ಅಗಲವಾದ ಬೀದಿಗಳಲ್ಲಿ ನೆಲೆಯಾದರು. ಆ ಬೀದಿಗಳೇ ಈಗ ನಮ್ಮಂಥವರಿಗೂ ಉಪಯೋಗಕ್ಕೆ ಬಂದವು.

ರೂಮಿನ ವಿಷಯಕ್ಕೆ ಬಂದ್ರೆ, ಇನ್‌ಸ್ಟಾಗ್ರಾಮಿಗೆ ಹಾಕೋಕೆ ಏನೂ ಇಲ್ಲ. ಎರಡು ಮಂಚ ಜೋಡಿಸಿದ ಡಬಲ್ ರೂಮ್, ನನಗೊಂದು ಎಕ್ಸ್ಟ್ರಾ ಹಾಸಿಗೆ. ಬಕೆಟ್ಟು, ಚೊಂಬು. ಬಿಸಿನೀರು ಬೆಳಿಗ್ಗೆ ಆರರಿಂದ ಒಂಬತ್ತು. ಕಿಟಕಿ ತೆಗೆದ್ರೆ ಪಕ್ಕದ ಮನೆಯ ತೆಂಗಿನಮರ. ವೈಫೈ ಕಾರಿಡಾರಿನಲ್ಲಿ ಚೆನ್ನಾಗಿತ್ತು, ಮಂಚದ ಮೇಲೆ ಇರಲಿಲ್ಲ. ಶುಕ್ರವಾರ ಮಧ್ಯಾಹ್ನದ ಮೀಟಿಂಗನ್ನು ಮೆಟ್ಟಿಲ ಮೇಲೆ ಕೂತು ಮುಗಿಸಿದೆ. ಚೆಕ್ಔಟ್ ಇಪ್ಪತ್ನಾಲ್ಕು ಗಂಟೆ ಲೆಕ್ಕ. ಬೆಳಿಗ್ಗೆ ಒಂಬತ್ತಕ್ಕೆ ಬಂದ್ರೆ ಮಾರನೇ ದಿನ ಒಂಬತ್ತರವರೆಗೆ ಒಂದು ದಿನ. ಬೆಳಗಿನ ರೈಲಿಗೆ ಬರೋರಿಗೆ ಇದಕ್ಕಿಂತ ಅನುಕೂಲ ಇಲ್ಲ. ಹನ್ನೆರಡು ಗಂಟೆವರೆಗೆ ಬ್ಯಾಗ್ ಹಿಡ್ಕೊಂಡು ಲಾಬಿಯಲ್ಲಿ ಕಾಯೋ ಕಥೆ ಇಲ್ಲ.

ಬಾಡಿಗೆ ದಿನಕ್ಕೆ 2,200 ರೂಪಾಯಿ. 2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿವರೆಗಿನ ರೂಮುಗಳಿಗೆ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿದಿದೆ. ಹಾಗಾಗಿ ದಿನಕ್ಕೆ 2,310, ಮೂರು ದಿನಕ್ಕೆ 6,930. ಬಿಲ್ ಕೇಳಿ ತಗೊಂಡು ಈ ಸಾಲು ಸರಿಯಾಗಿದೆಯಾ ನೋಡ್ಕೊಳ್ಳಿ.

ಆದ್ರೆ ಆ ದುಡ್ಡಿಗೆ ಸಿಕ್ಕಿದ್ದು ರೂಮ್ ಅಷ್ಟೇ ಅಲ್ಲ. ರೂಮಲ್ಲಿ ಇಲ್ಲದಿದ್ದೆಲ್ಲ ಬೀದಿಯಲ್ಲಿತ್ತು. ಗುರುವಾರ ಅಮ್ಮ ಆಪರೇಷನ್ ಥಿಯೇಟರ್ ಒಳಗಿದ್ದಾಗ ಅಪ್ಪ ಕೂತಲ್ಲಿ ಕೂರಲಾರದೆ ಒದ್ದಾಡಿದ್ರು. ಸಂಜೆ ಅಮ್ಮ ರೂಮಿಗೆ ಬಂದು ಮಲಗಿದ ಮೇಲೆ "ಸ್ವಲ್ಪ ಓಡಾಡ್ಕೊಂಡು ಬರ್ತೀನಿ ಕಣೋ" ಅಂತ ಒಬ್ಬರೇ ಹೊರಟ್ರು. ನಾನು ತಡೀಲಿಲ್ಲ. ಒಂದು ಗಂಟೆ ಬಿಟ್ಟು ವಾಪಸ್ ಬಂದಾಗ ಕೈಯಲ್ಲಿ ಒಂದು ಮೊಳ ಮಲ್ಲಿಗೆ, ಅಂಕಿತ ಪುಸ್ತಕದ ಒಂದು ಚೀಲ. ಕೃಷ್ಣರಾವ್ ಪಾರ್ಕಲ್ಲಿ ಯಾರೋ ತಿಪಟೂರಿನವರು ಸಿಕ್ಕಿದ್ರಂತೆ, ಕೊಬ್ಬರಿ ರೇಟಿನ ಬಗ್ಗೆ ಅರ್ಧ ಗಂಟೆ ಮಾತಂತೆ.

ಮಾರನೇ ದಿನ ಡಾಕ್ಟರು "ಎಲ್ಲ ಚೆನ್ನಾಗಿದೆ" ಅಂದ ಖುಷಿಗೆ ಅಪ್ಪ ನನ್ನನ್ನು ವಿದ್ಯಾರ್ಥಿ ಭವನಕ್ಕೆ ಎಳ್ಕೊಂಡು ಹೋದ್ರು. 1943ರಿಂದ ಅಲ್ಲೇ ಇರೋ ಹೋಟೆಲು, ಓಡಿ ಹೋಗಲ್ಲ ಬಿಡಿ. ಆದ್ರೆ ಶುಕ್ರವಾರ ವಾರದ ರಜೆ! ಅಪ್ಪನ ಮುಖ ಸಣ್ಣದಾಯ್ತು. ಅಲ್ಲಿಂದ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ನಡೆದ್ವಿ. 1965ರಿಂದ ನಡೀತಿರೋ ಪುಟ್ಟ ಜಾಗ, ಸಾಂಬಾರ್ ಕೊಡಲ್ಲ, ಚಟ್ನಿ ಮಾತ್ರ, ನಿಂತೇ ತಿನ್ನಬೇಕು. ಇಡ್ಲಿ ಮುಗಿಸಿ ಎರಡನೇ ಸಲ ಚಟ್ನಿ ಹಾಕಿಸ್ಕೊಂಡು ಬಂದ ಅಪ್ಪನ ಮುಖ ನೋಡಿದ್ರೆ, ಹಿಂದಿನ ದಿನ ಆಸ್ಪತ್ರೆಯಲ್ಲಿ ಕಂಡವರು ಇವರೇನಾ ಅನ್ನಿಸ್ತಿತ್ತು.

ಅಮ್ಮನದು ಬೇರೆ ಕಥೆ. ಮನೆಯಲ್ಲಿದ್ರೆ ಅವರು ಅಡುಗೆಮನೆಗೆ ಹೋಗದೆ ಇರಲ್ಲ, ಯಾರು ಹೇಳಿದ್ರೂ ಅಷ್ಟೇ. ಡಾಕ್ಟರು ಹೊಗೆ, ಒಗ್ಗರಣೆ ಹತ್ತಿರ ಹೋಗ್ಬೇಡಿ, ಕಣ್ಣಿಗೆ ನೀರು ತಾಗಿಸ್ಬೇಡಿ, ಬಗ್ಗಿ ಭಾರ ಎತ್ಬೇಡಿ ಅಂದಿದ್ರು. ಇಲ್ಲಿ ಒಲೆಯೇ ಇರಲಿಲ್ಲ. ರೂಮ್ ಬಾಯ್ ಬೆಳಿಗ್ಗೆ ಆರೂವರೆಗೆ ಫ್ಲಾಸ್ಕಲ್ಲಿ ಕಾಫಿ ತಂದಿಡ್ತಿದ್ದ. ಆಪರೇಷನ್ ಆದ ಮಗ್ಗುಲಿಗೆ ಹೊರಳಬಾರದು ಅಂತ ಕೇಳಿ ಅವನೇ ಇನ್ನೊಂದು ದಿಂಬು ತಂದು ಪಕ್ಕಕ್ಕೆ ಒತ್ತಿಟ್ಟ. ಕಣ್ಣಿನ ಹನಿಗಳಿಗೆ ನಾನು ಫೋನಲ್ಲಿ ಅಲಾರಂ ಇಟ್ಟಿದ್ದೆ. ಅದು ಬಿಟ್ರೆ ಮೂರು ದಿನ ಅಮ್ಮನಿಗೆ ಯಾವ ಕೆಲಸವೂ ಇರಲಿಲ್ಲ. ನನಗೆ ಬುದ್ಧಿ ಬಂದಾಗಿನಿಂದ ಅಮ್ಮ ಹೀಗೆ ಸುಮ್ಮನೆ ಮಲಗಿದ್ದನ್ನು ನಾನು ನೋಡಿರಲಿಲ್ಲ.

ನಿರೀಕ್ಷೆಯಂತೆ ಚಿಕ್ಕಮ್ಮನ ಫೋನ್ ಬಂತು. ಸ್ಪೀಕರಿನಲ್ಲಿತ್ತು. "ಅಲ್ಲಾ ಅಕ್ಕ, ಮಗನ ಮನೆ ಇಟ್ಕೊಂಡು ಲಾಡ್ಜಲ್ಲಿ ಇದೀರಾ? ನೋಡಿದೋರು ಏನಂದ್ಕೋತಾರೆ?" ನನ್ನ ಎದೆ ಸ್ವಲ್ಪ ಡವಗುಟ್ಟಿತು. ಈ ಪ್ರಶ್ನೆ ಅಮ್ಮನ ಮನಸ್ಸಲ್ಲೂ ಇದೆಯೇನೋ ಅಂತ ಮೂರು ದಿನದಿಂದ ನನಗೆ ಅಳುಕಿತ್ತು. ಅಮ್ಮ ಕಪ್ಪು ಕನ್ನಡಕ ಸರಿಮಾಡ್ಕೊಂಡು ಹೇಳಿದ್ರು: "ಮಗನೂ ಇಲ್ಲೇ ಇದಾನೆ ಕಣೆ, ಕೆಳಗೆ ಹಾಸ್ಕೊಂಡು ಮಲಗ್ತಾನೆ. ಮನೇಲಿದ್ದಿದ್ರೆ ನಾನೇ ಎದ್ದು ಕಾಫಿ ಮಾಡ್ಬೇಕಿತ್ತು. ಇಲ್ಲಿ ಫ್ಲಾಸ್ಕಲ್ಲಿ ಬರುತ್ತೆ."

ಅಪ್ಪ ಅಮ್ಮನನ್ನು ನೋಡ್ಕೊಳ್ಳೋದು ಅಂದ್ರೆ ನಮ್ಮ ಮನೆಯೊಳಗೇ ಇಟ್ಕೊಳ್ಳೋದು ಅಂತ ನಾವೆಲ್ಲ ಅಂದ್ಕೊಂಡಿದ್ದೀವಿ. ಕೆಲವು ದಿನಗಳಿಗೆ ಹಾಗಲ್ಲ. ಆಸ್ಪತ್ರೆಗೆ ಹತ್ತು ನಿಮಿಷ, ಇಡ್ಲಿಗೆ ಹದಿನೈದು ನಿಮಿಷ, ಅಪ್ಪ ಒಬ್ಬರೇ ಹೋಗಿ ಒಬ್ಬರೇ ವಾಪಸ್ ಬರೋಕೆ ಆಗೋ ಬೀದಿ. ನಿಮ್ಮ ಮನೆ ಸುತ್ತ ಇದೆಲ್ಲ ಇದ್ರೆ ಪುಣ್ಯ. ಇಲ್ಲದಿದ್ರೆ ಜೊತೆಯಲ್ಲೇ ಹೋಗಿ ಇಂಥ ಕಡೆ ಒಂದು ರೂಮ್ ಮಾಡಿ, ಸಂಕೋಚ ಬೇಡ.

ಅಮ್ಮನ ಎಡಗಣ್ಣಿಗೆ ಮುಂದಿನ ತಿಂಗಳು ಬನ್ನಿ ಅಂದಿದ್ದಾರೆ. ಊರಿಗೆ ಹೊರಡೋ ದಿನ ಅಪ್ಪ ಮ್ಯಾನೇಜರ ಹತ್ತಿರ ಅದೇ ರೂಮ್ ಬೇಕು ಅಂತ ಹೇಳಿ, ನನ್ನ ಕಡೆ ತಿರುಗಿ ಒಂದೇ ಷರತ್ತು ಹಾಕಿದ್ರು: "ಡಾಕ್ಟರಿಗೆ ಮೊದಲೇ ಹೇಳು. ಈ ಸಲ ಶುಕ್ರವಾರ ಬೇಡ."