ನಕಲಿ ಹವಳ, ಅಸಲಿ ಉಪ್ಪು

ಉಪ್ಪು ನೀರೆಂದರೆ ನಮ್ಮ ನವಲಗುಂದ ಸೀಮೆಯವರಿಗೆ ಸಮುದ್ರ ನೆನಪಾಗುವುದಿಲ್ಲ, ಬೋರ್‌ವೆಲ್ ನೆನಪಾಗುತ್ತದೆ. ಈ ಎರೆ ಬಯಲಿನಲ್ಲಿ ನೆಲ ಕೊರೆದರೆ ಸಿಗುವುದು ಬಹುಪಾಲು ಸವುಳು ನೀರು. ಅದರಲ್ಲಿ ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬಿಡುವುದಿಲ್ಲ. ಅದಕ್ಕೇ ನಮ್ಮ ಹಿರಿಯರು ಬಾವಿಗಿಂತ ಹೆಚ್ಚಾಗಿ ಕೆರೆಯನ್ನು ನಂಬಿದರು. ನವಲಗುಂದದ ನೀಲಮ್ಮನ ಕೆರೆಯಿಂದ ಹಿಡಿದು ಹೆಸರಿಲ್ಲದ ಹಳ್ಳಿಯ ಕೆರೆಯವರೆಗೆ ಎಲ್ಲವೂ ಕುಡಿಯುವ ನೀರಿನವು. ಮಲಪ್ರಭಾ ಕಾಲುವೆ ಬಂದ ಮೇಲೂ ಆ ನೀರನ್ನು ತುಂಬಿಟ್ಟುಕೊಳ್ಳುವುದು ಕೆರೆಗಳಲ್ಲೇ. ಇಂಥ ಸೀಮೆಯಲ್ಲಿ ಒಬ್ಬ ಹುಡುಗ ಸಿಹಿನೀರನ್ನು ಕೊಡದಲ್ಲಿ ಹೊತ್ತು ತಂದು, ತೂಕ ಮಾಡಿ ಅದಕ್ಕೆ ಉಪ್ಪು ಬೆರೆಸುತ್ತಾನೆಂದರೆ ಜನ ಅವನನ್ನು ಏನೆಂದಾರು?

ಆ ಹುಡುಗ ನನ್ನ ಅಕ್ಕನ ಮಗ. ನಾಲ್ಕು ವರ್ಷ ಜಿದ್ದಾದಲ್ಲಿದ್ದ. ಅಲ್ಲಿ ಹೋಟೆಲೊಂದರ ಹಜಾರದಲ್ಲಿದ್ದ ಭಾರಿ ಅಕ್ವೇರಿಯಂನ ಗಾಜು ಒರೆಸುವುದು ಅವನ ಕೆಲಸಗಳಲ್ಲೊಂದಾಗಿತ್ತು. ಊರಿಗೆ ಮರಳಿ ಅಣ್ಣಿಗೇರಿಯಲ್ಲಿ ಮೊಬೈಲ್ ರಿಪೇರಿಯ ಸಣ್ಣ ಅಂಗಡಿ ಇಟ್ಟ. ಕೊಲ್ಲಿಯಿಂದ ಬರುವವರು ಅತ್ತರು, ಕಂಬಳಿ, ಖರ್ಜೂರ ತರುತ್ತಾರೆ. ಇವನು ಅವುಗಳ ಜೊತೆಗೆ ಒಂದು ಹಟವನ್ನೂ ತಂದಿದ್ದ. "ಇಷ್ಟು ವರ್ಷ ಯಾರದೋ ಸಮುದ್ರ ಒರಸೀನಿ ಮಾಮಾ, ನನ್ನದೂ ಒಂದು ಇರಲಿ" ಎಂದ. ಅಂಗಡಿಯ ಮೂಲೆಯಲ್ಲಿ 100 ಲೀಟರಿನ ಗಾಜಿನ ತೊಟ್ಟಿ ಬಂದು ಕೂತಿತು.

ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣವಿರುತ್ತದೆ. ಅಂದರೆ ಆ ತೊಟ್ಟಿಗೆ ಮೂರೂವರೆ ಕಿಲೋ. ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪು ಹಾಕಿದರೆ ಆಗದೇ ಎಂದು ಕೇಳಿದೆ. ಆಗದಂತೆ. ಗದ್ದೆಯಲ್ಲಿ ಸಮುದ್ರದ ನೀರು ಬತ್ತಿ ಹರಳುಗಟ್ಟುವುದು ಮುಖ್ಯವಾಗಿ ಅಡುಗೆಯ ಉಪ್ಪು. ಮೆಗ್ನೀಸಿಯಂನಂಥ ಉಳಿದ ಲವಣಗಳು ಬಹುಪಾಲು ಕಹಿನೀರಿನಲ್ಲೇ ಹೋಗಿಬಿಡುತ್ತವೆ. ಹಾಗಾಗಿ ಅಕ್ವೇರಿಯಂಗೆಂದೇ ತಯಾರಿಸಿದ ಲವಣದ ಮಿಶ್ರಣ ತರಿಸಬೇಕು. ಅದನ್ನು ಕರಗಿಸಲು ನಮ್ಮ ಬೋರಿನ ನೀರು ನಡೆಯುವುದಿಲ್ಲ. ನಾಣ್ಯ ಹಾಕಿದರೆ ನೀರು ಬಿಡುವ ಶುದ್ಧ ಕುಡಿಯುವ ನೀರಿನ ಘಟಕದಿಂದಲೇ ತರಬೇಕು. ಮೇಲಾಗಿ ದಿನವೂ ಒಂದಿಷ್ಟು ನೀರು ಆವಿಯಾಗುತ್ತದೆ. ಆವಿಯಾಗುವುದು ನೀರು ಮಾತ್ರ, ಉಪ್ಪು ಹಿಂದೆಯೇ ಉಳಿಯುತ್ತದೆ. ಆದ್ದರಿಂದ ತುಂಬಿಸಬೇಕಾದದ್ದೂ ಸಿಹಿನೀರನ್ನೇ. ಬೇಸಿಗೆಯಲ್ಲಿ ಘಟಕದ ಮುಂದೆ ಸರದಿ ಬೆಳೆದಾಗ ಅವನು ಜನ ಮಲಗಿದ ಮೇಲೆ ಹೋಗಿ ತರುತ್ತಾನೆ.

"ಸಾರಾ ಗಾಂವ್ ಖಾರೆ ಪಾನಿಕು ಮೀಠಾ ಕರ್ನೆಕು ರೋತಾ, ಯೇ ದಿವಾನಾ ಮೀಠೆ ಪಾನಿಕು ಖಾರಾ ಕರ್ತಾ" ಎಂದು ಅಕ್ಕ ಹಣೆ ಚಚ್ಚಿಕೊಂಡಳು. ಊರೆಲ್ಲ ಸವುಳನ್ನು ಸಿಹಿ ಮಾಡಲು ಅಳುತ್ತಿರುವಾಗ ಈ ಹುಚ್ಚ ಸಿಹಿಯನ್ನು ಸವುಳು ಮಾಡುತ್ತಾನಲ್ಲ ಎಂಬುದು ಅವಳ ದೂರು. ಅವಳ ಮಾತನ್ನು ಅಲ್ಲಗಳೆಯುವಂತಿರಲಿಲ್ಲ. ನೀರಿಗೆ ಬೆಲೆಯಿರುವ ಊರಿನಲ್ಲಿ ಇಂಥ ಹವ್ಯಾಸಕ್ಕೆ ನ್ಯಾಯ ಸಿಗುವುದು ಒಂದೇ ದಾರಿಯಲ್ಲಿ. ಆ ನೀರು ಕೆಡಬಾರದು, ಪದೇ ಪದೇ ಚೆಲ್ಲುವಂತಾಗಬಾರದು. ಚೆಲ್ಲುವುದಾದರೂ ಎಲ್ಲಿ? ಉಪ್ಪು ನೀರು ಎರೆಹೊಲಕ್ಕೆ ಹೋದರೆ ಹೊಲ ಕೆಟ್ಟಿತು. ಅಳಿಯ ಬದಲಿಸಿದ ನೀರನ್ನು ಮಾಳಿಗೆಯ ಮೇಲೆ ಅಗಲ ಬೋಗುಣಿಯಲ್ಲಿ ಒಣಗಿಸಿ, ಉಳಿದ ಉಪ್ಪನ್ನು ಕಸದ ಗಾಡಿಗೆ ಕೊಡುತ್ತಾನೆ.

ಇನ್ನು ಅಲಂಕಾರದ ಮಾತು. ಬರಿಗಾಜಿನ ತೊಟ್ಟಿಯಲ್ಲಿ ಮೀನು ನೆಮ್ಮದಿಯಾಗಿರುವುದಿಲ್ಲ. ಹವಳದ ದಿಬ್ಬಗಳ ನಡುವೆ ಬದುಕುವ ಮೀನಿಗೆ ಹೆದರಿದಾಗ ನುಗ್ಗಲು ಒಂದು ಸಂದಿ, ರಾತ್ರಿ ಒರಗಲು ಒಂದು ಮರೆ ಬೇಕು. ನಮ್ಮ ಕಣ್ಣಿಗೆ ಅಲಂಕಾರವಾದದ್ದು ಅದಕ್ಕೆ ಮನೆ. ಆ ಮನೆಯನ್ನು ಏತರಿಂದ ಕಟ್ಟಬೇಕು ಎಂಬಲ್ಲಿಗೆ ಪ್ರಶ್ನೆ ಬಂದು ನಿಂತಿತು.

ದೊಡ್ಡ ಶಹರವೊಂದರ ಅಂಗಡಿಯಲ್ಲಿ ಅವನಿಗೆ ಮೆಲುದನಿಯಲ್ಲಿ ಒಂದು ಉತ್ತರ ಸಿಕ್ಕಿತ್ತು: "ಅಸಲಿ ಹವಳ ಇದೆ, ಬೇಕಾ?" ಅವನ ಕಣ್ಣು ಅರಳಿದ್ದನ್ನು ನಾನು ಊಹಿಸಬಲ್ಲೆ. ಕನ್ನಡದ ಹವಳ, ಉರ್ದುವಿನ ಮೂಂಗಾ, ಅರಬ್ಬಿಯ ಮರ್ಜಾನ್ - ಮೂರು ಭಾಷೆಯಲ್ಲೂ ಅದು ಆಭರಣದ ಪೆಟ್ಟಿಗೆಗೆ ಸೇರಿದ ಮಾತು. ಆದರೆ ಹವಳ ಕಲ್ಲಲ್ಲ. ಅಸಂಖ್ಯ ಸಣ್ಣ ಜೀವಿಗಳು ಸುಣ್ಣ ಸ್ರವಿಸಿ ಕಟ್ಟುವ ಗೂಡು. ಅಂಗೈಯಗಲದ ತುಂಡಿನ ಹಿಂದೆ ಎಷ್ಟೋ ವರ್ಷಗಳ ಬೆಳವಣಿಗೆ ಇರುತ್ತದೆ. ನಮ್ಮ ದೇಶದಲ್ಲಿ ದಿಬ್ಬ ಕಟ್ಟುವ ಹವಳಗಳನ್ನೂ ಕರಿ ಹವಳ, ಕಡಲ ಬೀಸಣಿಗೆಗಳನ್ನೂ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಲಾಯಿತು. ಹುಲಿಗೆ ಸಿಕ್ಕ ರಕ್ಷಣೆಯೇ ಅವಕ್ಕೂ ಸಿಕ್ಕಿತು. ಸತ್ತ ಒಣ ತುಂಡಿನ ವ್ಯಾಪಾರವೂ ಅಪರಾಧವೇ. ಹಜ್ ಯಾತ್ರಿಕರು ಪ್ರೀತಿಯಿಂದ ತರುತ್ತಿದ್ದ ಯುಸ್ರ್ ತಸ್ಬೀಹಿನ ಕರಿಮಣಿಗಳೂ ಕರಿ ಹವಳದವೇ ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ.

ಹವಳ ನಮಗೆ ದೂರದ ಸಂಗತಿಯೂ ಅಲ್ಲ. ಮುರುಡೇಶ್ವರದಿಂದ ದೋಣಿಯಲ್ಲಿ ಹೋಗುವ ನೇತ್ರಾಣಿ ದ್ವೀಪದ ಸುತ್ತ ಹವಳವಿದೆ. ಲಕ್ಷದ್ವೀಪವಂತೂ ಹವಳದ ಮೇಲೆಯೇ ನಿಂತಿದೆ. ಅದರ ಅಮಿನ್‌ದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಕಡಲು ಬಿಸಿಯೇರಿ ಹವಳ ಬಿಳಿಚಿಕೊಳ್ಳುವ ಪಿಡುಗು 2024ರಲ್ಲಿ ಜಗತ್ತಿನ ಅನೇಕ ಕಡಲುಗಳಲ್ಲಿ ಕಾಣಿಸಿತು, ಲಕ್ಷದ್ವೀಪದಲ್ಲೂ ಕಾಣಿಸಿತು. ಇಂಥ ಹೊತ್ತಿನಲ್ಲಿ ಎರೆ ಸೀಮೆಯ ಅಂಗಡಿಯೊಂದರ ಶೋಭೆಗೆ ಒಂದು ತುಂಡು ಮುರಿದು ತರುವುದು ಯಾವ ನ್ಯಾಯ? 'ನಕಲಿ' ಎನ್ನುವುದು ನಮ್ಮ ಮಾತಿನಲ್ಲಿ ಬೈಗುಳ. ಹವಳದ ವಿಷಯದಲ್ಲಿ ಮಾತ್ರ ನಕಲಿಯೇ ಮರ್ಯಾದೆಯದು ಎಂದು ನಾನು ಅವನಿಗೆ ಹೇಳಿದೆ. ಅವನೂ ಒಪ್ಪಿದ, ಕೆಂಪು ಬಣ್ಣದ ಒಂದು ರಾಳದ ಹವಳ ಕೊಂಡು ತಂದ. ಕೊಟ್ಟವರು ಅಕ್ವೇರಿಯಂನದೇ ಎಂದಿದ್ದರಂತೆ.

ಮೂರನೆಯ ವಾರ ಪಟ್ಟೆ ಪಟ್ಟೆಯ ಸಿಗಡಿ ಸತ್ತಿತು. ನಾಲ್ಕು ದಿನಕ್ಕೆ ಇನ್ನೊಂದು. ಎರಡು ಕ್ಲೌನ್ ಮೀನುಗಳು ಮೇಲಕ್ಕೆ ಬಂದು ಬಾಯಿ ಬಿಡತೊಡಗಿದವು. ಅಳಿಯ ಅಲಂಕಾರವನ್ನು ಎತ್ತಿ ತಿರುವಿ ನೋಡಿದ. ತಳದ ತೆಳು ಲೇಪ ಬಿರಿದು, ಒಳಗೆ ಭಾರಕ್ಕೆಂದು ಹುದುಗಿಸಿದ್ದ ಸತು ಲೇಪಿತ ತಂತಿ ಬಿಳಿ ಹಿಟ್ಟಿನಂತೆ ಉದುರುತ್ತಿತ್ತು. ಸಿಹಿನೀರಿನ ತೊಟ್ಟಿಯಲ್ಲಾಗಿದ್ದರೆ ಅದು ಬಹುಕಾಲ ಬಾಳುತ್ತಿತ್ತೋ ಏನೋ. ಉಪ್ಪು ನೀರು ಹಾಗಲ್ಲ, ಮುಚ್ಚಿಟ್ಟ ಲೋಹವನ್ನು ಅದು ಕೂದಲೆಳೆಯ ಬಿರುಕಿನಲ್ಲೇ ಹುಡುಕಿ ತಿನ್ನುತ್ತದೆ. ಸತು, ತಾಮ್ರಗಳು ಎಷ್ಟೋ ಮೀನು ತಡೆದುಕೊಳ್ಳುವ ಪ್ರಮಾಣದಲ್ಲೇ ಸಿಗಡಿ, ಶಂಖದ ಹುಳು, ಹವಳಗಳನ್ನು ಕೊಲ್ಲುತ್ತವೆ. ಸಿಗಡಿ ಮೊದಲು ಸತ್ತದ್ದೇ ಸಾಕ್ಷಿಯಾಗಿತ್ತು. ಅಂದು ರಾತ್ರಿ ಅರ್ಧ ತೊಟ್ಟಿಯ ನೀರು ಬದಲಿಸಬೇಕಾಯಿತು. ಐವತ್ತು ಲೀಟರ್ ಕುಡಿಯುವ ನೀರು. ಅಕ್ಕ ಆ ದಿನ ಏನನ್ನೂ ಅನ್ನಲಿಲ್ಲ. ಅದೇ ಅವನಿಗೆ ಹೆಚ್ಚು ನೋವಾಯಿತು.

ಆಮೇಲೆ ಅವನು ತನಗೆ ತಾನೇ ಕಟ್ಟಳೆ ಮಾಡಿಕೊಂಡ. ಲೋಹವಿರುವ ಯಾವುದೂ ಒಳಗೆ ಹೋಗಕೂಡದು. ತಂತಿ, ಮೊಳೆ, ನಾಣ್ಯ, ಹಿತ್ತಾಳೆಯ ಗೊಂಬೆ ಎಲ್ಲ ಹೊರಗೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಬೇಡ, ಅದು ನೀರಿನಲ್ಲಿ ನಿಧಾನ ಕರಗುತ್ತಲೇ ಇರುತ್ತದೆ. ಹಸಿ ಸಿಮೆಂಟು ಬೇಡ, ಅದರ ಸುಣ್ಣ ನೀರಿನ ಕ್ಷಾರವನ್ನು ಏರಿಸುತ್ತದೆ. ಮಕ್ಕಳ ಆಟಿಕೆಯ ಬಣ್ಣವನ್ನು ನಂಬಬಾರದು. ಚೆನ್ನಾಗಿ ಸುಟ್ಟ ಪಿಂಗಾಣಿ, ಗಾಜು, ಆಹಾರ ತುಂಬುವ ದರ್ಜೆಯ ಪ್ಲಾಸ್ಟಿಕ್, ಸಮುದ್ರದ ನೀರಿಗೆಂದೇ ಮಾಡಿದ ರಾಳ, ಇಷ್ಟು ಸಾಕು. ಅಂಟಿಸುವುದಾದರೆ ಬೂಷ್ಟು ತಡೆಯುವ ಔಷಧ ಸೇರದ ಶುದ್ಧ ಸಿಲಿಕೋನ್ ಮಾತ್ರ.

ಕೊಂಡು ತಂದ ದಿನವೇ ತೊಟ್ಟಿಗೆ ಇಳಿಸುವಂತಿಲ್ಲ. ಸಾಬೂನು ಮುಟ್ಟಿಸದೆ ತೊಳೆದು, ಬೇರೆ ಬಕೆಟ್ಟಿನಲ್ಲಿ ಉಪ್ಪು ನೀರು ತುಂಬಿ ಎರಡು ವಾರ ಮುಳುಗಿಸಿಡಬೇಕು. ನೀರಿಗೆ ಬಣ್ಣ ಬಂತೇ, ಎಣ್ಣೆಯ ಪೊರೆ ಕಟ್ಟಿತೇ, ವಾಸನೆ ಎದ್ದಿತೇ ನೋಡಬೇಕು. ಬಿಳಿ ಬಟ್ಟೆಯಿಂದ ತಿಕ್ಕಿದರೆ ಬಟ್ಟೆ ಬಿಳಿಯಾಗಿಯೇ ಉಳಿಯಬೇಕು. ಅಂಚುಗಳ ಮೇಲೆ ಬೆರಳಾಡಿಸಿ ನೋಡಬೇಕು, ಬೆರಳಿಗೆ ಚುಚ್ಚಿದ್ದು ಮೀನಿನ ರೆಕ್ಕೆಯನ್ನು ಹರಿಯುತ್ತದೆ. ಟೊಳ್ಳಾದ ವಸ್ತುವಿಗೆ ಎರಡು ಕಡೆ ಬಾಯಿ ಇರಬೇಕು. ಇಲ್ಲವಾದರೆ ಒಳಗೆ ನೀರು ನಿಂತು, ಹೇಸಿಗೆ ಕೊಳೆತು ನಂಜಾಗುತ್ತದೆ. ಭಾರದ ವಸ್ತುವನ್ನು ಮರಳಿನ ಮೇಲಲ್ಲ, ಗಾಜಿನ ತಳದ ಮೇಲೆಯೇ ಕೂರಿಸಿ ಆಮೇಲೆ ಸುತ್ತ ಮರಳು ಹಾಕಬೇಕು. ಮರಳು ತೋಡುವ ಜೀವಿಗಳು ಅದನ್ನು ಕೆಡವಿ ತಾವೇ ಅಡಿಗೆ ಸಿಕ್ಕಿಬೀಳುವುದುಂಟು. ಪಾಚಿ ಹಿಡಿದರೆ ಹೊರತೆಗೆದು ಬರಿ ಬ್ರಷ್ಷಿನಿಂದ ಉಜ್ಜಬೇಕು. ಒಂದು ಮಾತು ಮರೆಯಬಾರದು: ಅಲಂಕಾರ ಎಷ್ಟೇ ಚೆಂದವಿದ್ದರೂ ಅದು ಮೀನಿನ ಹೇಸಿಗೆಯ ಅಮೋನಿಯವನ್ನು ತಾನಾಗಿ ಅರಗಿಸುವುದಿಲ್ಲ. ಆ ಕೆಲಸ ಮಾಡುವ ಬ್ಯಾಕ್ಟೀರಿಯಾ ನೆಲೆಸಲು ರಂಧ್ರಗಳಿರುವ ಕಲ್ಲೋ ಸೋಸುಕದ ಮಣಿಗಳೋ ಬೇಕು. ಅವು ನೆಲೆಗೊಳ್ಳಲು ನಾಲ್ಕಾರು ವಾರ ತಾಳ್ಮೆಯೂ ಬೇಕು.

ಬಣ್ಣದ ಮಾತು ಬಂದಾಗ ನನಗೆ ಕಲಘಟಗಿಯ ತೊಟ್ಟಿಲು ನೆನಪಾಯಿತು. ಅರಗಿನ ಬಣ್ಣದ ಆ ತೊಟ್ಟಿಲುಗಳು ತಲೆಮಾರು ಕಳೆದರೂ ಮಾಸುವುದಿಲ್ಲ. ಮಗು ಅಂಚನ್ನು ಚೀಪಿದರೂ ತಾಯಿ ಹೆದರುವುದಿಲ್ಲ. ಅಂಥ ಬಣ್ಣ ಹಚ್ಚಿಸಿದರೆ ಹೇಗೆ ಎಂದೆ. ಅಳಿಯ ತಲೆಯಾಡಿಸಿದ. ಸಮುದ್ರದ ನೀರು ತುಸು ಕ್ಷಾರ, ಅದರ ಪಿಎಚ್ 8.1ರಿಂದ 8.4. ಅರಗು ಕ್ಷಾರಕ್ಕೆ ತಡೆಯುವುದಿಲ್ಲ, ಮರವೂ ಸದಾ ಮುಳುಗಿದ್ದರೆ ಕೊಳೆಯುತ್ತದೆ. "ತೊಟ್ಟಿಲಿಗೆ ಛಲೋ ಇದ್ದದ್ದು ತೊಟ್ಟಿಗೆ ಛಲೋ ಇರಬೇಕಂತ ಏನಿಲ್ಲ ಮಾಮಾ" ಎಂದ. ನಿಸರ್ಗದ್ದೆಲ್ಲ ನಿರಪಾಯ, ಕಾರ್ಖಾನೆಯದೆಲ್ಲ ವಿಷ ಎಂದು ನಾವು ಭಾಷಣದಲ್ಲಿ ಹೇಳಿಬಿಡುತ್ತೇವೆ. ವಸ್ತುವನ್ನು ಯಾವ ನೀರಿನಲ್ಲಿ ಇಡುತ್ತೇವೆ ಎಂಬುದರ ಮೇಲೆ ಅದರ ಗುಣ ನಿಂತಿದೆ.

ಕೊನೆಗೆ ಮನೆ ಸಿಕ್ಕಿದ್ದು ಕುಂದಗೋಳ ಕಡೆಯ ಹಳ್ಳಿಯೊಂದರ ಕುಂಬಾರರ ಅಂಗಳದಲ್ಲಿ. ಕ್ಲೌನ್ ಮೀನುಗಳನ್ನು ಸಾಕಿ ಮರಿ ಮಾಡಿಸುವ ಕೇಂದ್ರಗಳಲ್ಲಿ ಮೊಟ್ಟೆಯಿಡಲು ಮಣ್ಣಿನ ಕುಡಿಕೆ, ಹೆಂಚಿನ ತುಂಡು ಇಡುವುದು ರೂಢಿ ಎಂದು ಅವನು ಓದಿಕೊಂಡಿದ್ದ. ಬಣ್ಣವಿಲ್ಲದ, ಹೊಳಪು ಬಳಿಯದ, ಬೆರಳಿನಿಂದ ತಟ್ಟಿದರೆ ಠಣ್ಣೆನ್ನುವಷ್ಟು ಸುಟ್ಟ ಎರಡು ಕುಡಿಕೆ ಬೇಕೆಂದ. ಅವುಗಳ ತಳಕ್ಕೂ ಒಂದೊಂದು ತೂತು ಬೇಕೆಂದ. ಕುಂಬಾರಜ್ಜಿ ವಿಚಿತ್ರವಾಗಿ ನೋಡಿ, "ನೀರು ನಿಲ್ಲದ ಕುಡಿಕಿ ಯಾರಿಗಪಾ?" ಎಂದು ಕೇಳಿದಳು. ಮೀನಿಗೆ ಎಂದಾಗ, "ಅದಕ್ಕ ಸುತ್ತೆಲ್ಲಾ ನೀರೈತಿ, ಒಳಗ ನಿಲ್ಲೂದು ಯಾಕ ಬೇಕು, ಬರೋಬ್ಬರಿ ಐತಿ" ಎಂದು ನಕ್ಕಳು.

ಎರಡು ವಾರದ ಬಕೆಟ್ ಪರೀಕ್ಷೆ ಮುಗಿಸಿ ಕುಡಿಕೆಗಳನ್ನು ಅಡ್ಡ ಮಲಗಿಸಿ ಇಟ್ಟ. ಮೂರನೆಯ ದಿನ ಕ್ಲೌನ್ ಜೋಡಿ ಒಂದನ್ನು ತಮ್ಮದೆಂದು ಹಿಡಿದುಕೊಂಡವು. ಕೆಲ ತಿಂಗಳ ಮೇಲೆ ಒಳಗೋಡೆಗೆ ಕಿತ್ತಳೆ ಬಣ್ಣದ ಮೊಟ್ಟೆಗಳು ಅಂಟಿದ್ದವು. ಗಂಡು ರೆಕ್ಕೆ ಬೀಸುತ್ತ ಕಾವಲು ನಿಂತಿತ್ತು. ಮರಿಗಳು ಉಳಿಯಲಿಲ್ಲ, ಅವಕ್ಕೆ ಬೇಕಾದ ಸೂಕ್ಷ್ಮ ಆಹಾರ ಅಣ್ಣಿಗೇರಿಯಲ್ಲಿ ಎಲ್ಲಿಂದ ಬರಬೇಕು? ಆದರೂ ಅಂದು ಅಕ್ಕ ಮೊದಲ ಸಲ ಅಂಗಡಿಗೆ ಹೋಗಿ, ತೊಟ್ಟಿಯ ಮುಂದೆ ಸ್ಟೂಲು ಎಳೆದುಕೊಂಡು ಕೂತಳಂತೆ.

ಈ ಸಣ್ಣ ತೊಟ್ಟಿಯ ಕತೆಯನ್ನು ಇಷ್ಟುದ್ದ ಹೇಳಲು ಕಾರಣವಿದೆ. ತೊಟ್ಟಿಗೂ ನಮ್ಮ ಊರ ಕೆರೆಗೂ ಒಂದು ಹೋಲಿಕೆ ಉಂಟು. ಎರಡರಲ್ಲೂ ನೀರು ಆವಿಯಾಗಿ ಹೋಗುತ್ತದೆ, ಅದರೊಳಗೆ ಕರಗಿದ್ದು ಹಿಂದೆಯೇ ಉಳಿಯುತ್ತದೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಗಣಪತಿ ಬೇಡವೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಆ ಮಾತು ನಮ್ಮ ಮೊಹರಂ ಡೋಲಿಗಳ ಜರಿ ಕಾಗದ, ರಾಸಾಯನಿಕ ಬಣ್ಣ, ತಂತಿಗಳಿಗೂ ಸಲ್ಲುತ್ತದೆ. ಈ ಭಾಗದ ಹಳ್ಳಿಗಳಲ್ಲಿ ಡೋಲಿಗೆ ಹೆಗಲು ಕೊಡುವವರು ಒಂದೇ ಜಾತಿಯವರಲ್ಲ, ಕೆರೆಯ ನೀರು ಕುಡಿಯುವವರೂ ಒಂದೇ ಜಾತಿಯವರಲ್ಲ. ಮಣ್ಣು, ಬಿದಿರು, ಹತ್ತಿ ನೂಲು, ಬಣ್ಣ ಬಿಡದ ಕಾಗದ ನಮ್ಮ ಸಂತೆಗಳಲ್ಲೇ ಸಿಗುತ್ತವೆ. ಕಟ್ಟುವ ಮೊದಲು ಒಂದು ತುಂಡನ್ನು ಬಕೆಟ್ಟಿನಲ್ಲಿ ನೆನೆಹಾಕಿ ನೋಡಲು ಖರ್ಚೇನೂ ಇಲ್ಲ. ಈ ಸಲ ಹಬ್ಬದ ಮುಂಚೆ ಓಣಿಯ ಹುಡುಗರಿಗೆ ಇದನ್ನು ಹೇಳಬೇಕೆಂದಿದ್ದೇನೆ. ಬಕೆಟ್ ತರಲು ಅಳಿಯ ಒಪ್ಪಿದ್ದಾನೆ.