ಫ್ರೀ ಸ್ಕೂಲ್ ಓಣಿಯ ವಿಜ್ಞಾನ ಚರಿತ್ರೆ

ಇಂಗ್ಲೆಂಡಿನ ಕೇಂಬ್ರಿಜ್ ನಗರಕ್ಕೆ ಹೋದ ಪ್ರವಾಸಿಗರು ಸಾಮಾನ್ಯವಾಗಿ ಕಿಂಗ್ಸ್ ಕಾಲೇಜಿನ ಭವ್ಯ ಪ್ರಾರ್ಥನಾಮಂದಿರವನ್ನು ಕಂಡು, ಕ್ಯಾಮ್ ನದಿಯಲ್ಲಿ ದೋಣಿವಿಹಾರ ಮಾಡಿ, ತೃಪ್ತರಾಗಿ ಹಿಂದಿರುಗುತ್ತಾರೆ. ಅಲ್ಲಿಂದ ಕೆಲವೇ ನಿಮಿಷಗಳ ನಡಿಗೆಯಲ್ಲಿ ಫ್ರೀ ಸ್ಕೂಲ್ ಲೇನ್ ಎಂಬ ಇಕ್ಕಟ್ಟಾದ ಓಣಿಯೊಂದಿದೆ. ನೋಟಕ್ಕೆ ಆಡಂಬರವಿಲ್ಲದ ಈ ಓಣಿಯನ್ನು ನೋಡದೆ ಬಂದವರು ಕೇಂಬ್ರಿಜನ್ನು ಅರ್ಧವೇ ನೋಡಿದಂತೆ.

ಹಳೆಯ ಕ್ಯಾವೆಂಡಿಷ್ ಪ್ರಯೋಗಾಲಯವಿರುವುದು ಇಲ್ಲಿಯೇ. 1874ರಲ್ಲಿ ಆರಂಭವಾದ ಈ ಪ್ರಯೋಗಾಲಯದಲ್ಲಿ 1897ರಲ್ಲಿ ಜೆ. ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಗುರುತಿಸಿದರು. 1970ರ ದಶಕದಲ್ಲಿ ಭೌತಶಾಸ್ತ್ರಜ್ಞರು ನಗರದ ಪಶ್ಚಿಮಕ್ಕೆ ತೆರಳಿದರೂ ವಿಜ್ಞಾನವು ಓಣಿಯನ್ನು ಬಿಟ್ಟುಹೋಗಲಿಲ್ಲ. ಅದರ ಚರಿತ್ರೆ ಇಲ್ಲಿ ಮನೆಮಾಡಿಕೊಂಡಿದೆ. ಸ್ಟೀಫನ್ ಪರ್ಸ್ ಎಂಬ ವೈದ್ಯನ ದತ್ತಿಯಿಂದ 17ನೆಯ ಶತಮಾನದ ಆರಂಭದಲ್ಲಿ ಕಟ್ಟಿದ ಉಚಿತ ಶಾಲೆಯಿಂದ ಓಣಿಗೆ ಈ ಹೆಸರು ಬಂದಿತು. ಆ ಶಾಲೆಯ ಹಳೆಯ ಸಭಾಂಗಣವೇ ಇಂದು ವಿಪಲ್ ವಸ್ತುಸಂಗ್ರಹಾಲಯದ ಮುಖ್ಯ ಶಾಲೆ. ವೈಜ್ಞಾನಿಕ ಉಪಕರಣಗಳ ತಯಾರಿಕೆಯಲ್ಲಿ ಬಾಳು ಸವೆಸಿದ ರಾಬರ್ಟ್ ವಿಪಲ್ ತಾವು ಕೂಡಿಟ್ಟಿದ್ದ ಸುಮಾರು 1,000 ಉಪಕರಣಗಳನ್ನೂ ಹಳೆಯ ಗ್ರಂಥಗಳನ್ನೂ 1944ರಲ್ಲಿ ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದರು. ದೂರದರ್ಶಕಗಳು, ಸೂಕ್ಷ್ಮದರ್ಶಕಗಳು, ಖಗೋಳಗಳು, ನೆರಳುಗಡಿಯಾರಗಳು, ಅಲ್ಲದೆ ಬುರುಡೆಯ ಉಬ್ಬುತಗ್ಗುಗಳಿಂದ ಮನುಷ್ಯನ ಗುಣವನ್ನು ಹೇಳುತ್ತೇವೆಂದು ನಂಬಿದ್ದವರ ಪ್ರತಿಮಾಶಿರಗಳು! ಸತ್ಯವೆಂದು ಉಳಿದದ್ದೂ ಭ್ರಮೆಯೆಂದು ಕಳಚಿಬಿದ್ದದ್ದೂ ಇಲ್ಲಿ ಒಂದೇ ಸೂರಿನಡಿ ನೆಲೆಸಿವೆ.

ವಸ್ತುಸಂಗ್ರಹಾಲಯಕ್ಕೆ ಹೊಂದಿಕೊಂಡೇ ವಿಜ್ಞಾನದ ಚರಿತ್ರೆ ಮತ್ತು ತತ್ತ್ವಶಾಸ್ತ್ರದ ವಿಭಾಗವಿದೆ. ಭೌತಶಾಸ್ತ್ರವನ್ನೋ ಜೀವಶಾಸ್ತ್ರವನ್ನೋ ಓದಲು ಬಂದ ತರುಣರು ಎರಡನೆಯ ವರ್ಷದಲ್ಲಿ ಇದನ್ನೂ ಒಂದು ವಿಷಯವಾಗಿ ಆರಿಸಿಕೊಳ್ಳಬಹುದು. ನಾಳಿನ ವಿಜ್ಞಾನವನ್ನು ಕಟ್ಟಬೇಕಾದವರಿಗೆ ನಿನ್ನೆಯ ವಿಜ್ಞಾನದಿಂದ ಆಗಬೇಕಾದದ್ದೇನು? ಈ ಪ್ರಶ್ನೆಗೆ ಇದೇ ಊರಿನ ಒಂದು ಪ್ರಸಂಗ ಉತ್ತರ ಕೊಡುತ್ತದೆ.

ಭೌತಶಾಸ್ತ್ರದಲ್ಲಿ ಪದವಿ ಪಡೆದಿದ್ದ ಡೆರೆಕ್ ಪ್ರೈಸ್ ವಿಜ್ಞಾನ ಚರಿತ್ರೆಯನ್ನು ಅಭ್ಯಸಿಸಲು ಕೇಂಬ್ರಿಜಿಗೆ ಬಂದಿದ್ದರು. 1951ರ ಡಿಸೆಂಬರಿನಲ್ಲಿ, ಇಲ್ಲಿಯ ಕಾಲೇಜುಗಳಲ್ಲೆಲ್ಲ ಹಳೆಯದಾದ ಪೀಟರ್‌ಹೌಸಿನ ಗ್ರಂಥಾಲಯದಲ್ಲಿ ಅವರಿಗೆ ಒಂದು ಹಸ್ತಪ್ರತಿ ದೊರೆಯಿತು. ಅದು 1390ರ ದಶಕದ ಇಂಗ್ಲಿಷಿನಲ್ಲಿ ಬರೆದದ್ದು. ಈಕ್ವಟೋರಿಯಂ ಎಂಬ ಯಂತ್ರವನ್ನು ರಚಿಸುವ ಕ್ರಮವನ್ನು ವಿವರಿಸುವಂಥದು. ನಮ್ಮ ಪಂಚಾಂಗಕರ್ತರು ದೀರ್ಘ ಗಣಿತದಿಂದ ಪಡೆಯುವ ಗ್ರಹಸ್ಫುಟವನ್ನು ಈ ಯಂತ್ರದಲ್ಲಿ ಚಕ್ರವನ್ನೂ ದಾರವನ್ನೂ ಸರಿಸಿ ಕಂಡುಕೊಳ್ಳಬಹುದಾಗಿತ್ತು. ಹಾಳೆಯೊಂದರಲ್ಲಿ ಚಾಸರ್ ಎಂಬ ಹೆಸರಿತ್ತು! ಇಂಗ್ಲಿಷ್ ಕಾವ್ಯದ ಆದ್ಯರಲ್ಲೊಬ್ಬನಾದ ಚಾಸರ್ ಆಸ್ಟ್ರೊಲೇಬಿನ ಮೇಲೆ ಗ್ರಂಥ ಬರೆದದ್ದು ಪ್ರಸಿದ್ಧವೇ. ಇದೂ ಆ ಕವಿಯ ಸ್ವಹಸ್ತಾಕ್ಷರವೇ ಇರಬೇಕೆಂದು ವಾದಿಸಿ ಪ್ರೈಸ್ 1955ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಹಸ್ತಪ್ರತಿಯಲ್ಲಿ ಹೇಳಿದ್ದ ಆರು ಅಡಿ ವ್ಯಾಸದ ಯಂತ್ರದ ಪ್ರತಿಕೃತಿಯೂ ಸಿದ್ಧವಾಯಿತು.

ಕಾಲ ಸರಿಯಿತು, ಪ್ರತಿಕೃತಿ ಮರೆವಿಗೆ ಸಂದಿತು. 2012ರಲ್ಲಿ ಸೆಬ್ ಫಾಕ್ ಎಂಬ ಸಂಶೋಧನ ವಿದ್ಯಾರ್ಥಿ ವಿಪಲ್ ಉಗ್ರಾಣದಲ್ಲಿ ‘ಆರ್ಥರ್ ರಾಜನ ಮೇಜು’ ಎಂದು ದಾಖಲಾಗಿದ್ದ ದೊಡ್ಡ ಮರದ ಚಕ್ರವೊಂದನ್ನು ಪರಿಶೀಲಿಸಲಾಗಿ, ಅದು ಪ್ರೈಸರ ಯಂತ್ರವೆಂದು ತಿಳಿದುಬಂದಿತು. ಮೇಜಿನ ಹೆಸರು ಸುಳ್ಳಾದಂತೆ ಗ್ರಂಥಕರ್ತನ ಹೆಸರೂ ಉಳಿಯಲಿಲ್ಲ. ನಾರ್ವೆಯ ವಿದುಷಿ ಕಾರಿ ಆನ್ ರಾಂಡ್ ಅಕ್ಷರಗಳ ವಿನ್ಯಾಸವನ್ನು ಇತರ ಹಸ್ತಪ್ರತಿಗಳೊಡನೆ ಹೋಲಿಸಿ, ಬರೆದವನು ಚಾಸರನಲ್ಲ, ಸೇಂಟ್ ಆಲ್ಬನ್ಸ್ ಮಠದ ಜಾನ್ ವೆಸ್ಟ್ವಿಕ್ ಎಂಬ ಸಂನ್ಯಾಸಿಯೆಂದು 2015ರಲ್ಲಿ ಪ್ರಕಟವಾದ ಲೇಖನದಲ್ಲಿ ತೋರಿಸಿಕೊಟ್ಟರು.

ಇದರಿಂದ ಪ್ರೈಸರ ಕೀರ್ತಿಗೆ ಕುಂದೇನೂ ಇಲ್ಲ. ಅವರು ಹುಡುಕಿ ತೆಗೆಯದಿದ್ದರೆ ತಿದ್ದಲು ಏನಿರುತ್ತಿತ್ತು? ಆದರೆ ಅನಾಮಧೇಯನೊಬ್ಬನ ದುಡಿಮೆ ಅರುವತ್ತು ವರ್ಷ ಮಹಾಕವಿಯ ಲೆಕ್ಕಕ್ಕೆ ಜಮೆಯಾಗಿತ್ತು. ದೊಡ್ಡ ಹೆಸರಿನ ನೆರಳು ಸಣ್ಣವರ ಶ್ರಮವನ್ನು ಮುಚ್ಚುವುದು ಎಷ್ಟು ಸುಲಭ! ವಿಜ್ಞಾನವು ನಾಲ್ಕಾರು ಮಹಾಪುರುಷರ ಲೀಲೆಯೆಂದು ಪಠ್ಯಪುಸ್ತಕಗಳು ಹೇಳಿಕೊಡುತ್ತವೆ. ಮಸೂರ ಉಜ್ಜಿದವನ, ಕೋಷ್ಟಕ ಬರೆದವನ, ಚಕ್ರ ಕೊರೆದವನ ಪಾಲೆಷ್ಟೆಂದು ವಿಚಾರಿಸುವವನು ಚರಿತ್ರೆಯ ವಿದ್ಯಾರ್ಥಿ.

ಕೇಂಬ್ರಿಜಿಗೆ ಹೋಗುವ ಅವಕಾಶ ನಿಮಗೊದಗಿದರೆ ದೋಣಿವಿಹಾರದ ಒಂದು ಗಂಟೆಯನ್ನು ಈ ಓಣಿಗೆ ಮೀಸಲಿಡಿ. ಭೂಮಿಯೇ ಜಗತ್ತಿನ ಕೇಂದ್ರವೆಂದು ನಂಬಿದ್ದ ಆ ಸಂನ್ಯಾಸಿಯ ಸಿದ್ಧಾಂತ ಇಂದು ಉಳಿದಿಲ್ಲ. ಆದರೆ ಗ್ರಹವೊಂದು ಆಕಾಶದಲ್ಲಿ ಎಲ್ಲಿದೆಯೆಂದು ಕರಾರುವಾಕ್ಕಾಗಿ ತಿಳಿಯಲು ಆರು ಅಡಿಯ ಯಂತ್ರವನ್ನು ಕಲ್ಪಿಸಿ, ಅಂಕಿಅಂಕಿಯನ್ನೂ ತಿದ್ದಿ ಬರೆದ ಆತನ ಶ್ರದ್ಧೆಗೆ ಆರು ಶತಮಾನಗಳ ಅನಂತರ ಆತನದೇ ಹೆಸರು ದೊರೆತಿದೆ.