ಮದ್ದು ಬಿಡುವ ಮೊದಲು ಶಿಲುಬೆ ಗುರುತು ಯಾಕೆ?

ನಿನ್ನೆಗೆ ಎರಡನೇ ಮದ್ದು ಬಿಟ್ಟು ಮುಗಿಯಿತು. ಮೊದಲಿನದ್ದು ಬಿಟ್ಟು 45 ದಿನಕ್ಕೆ ಆಗಬೇಕಿತ್ತು. ಮಳೆ ಎಡೆ ಕೊಡಲೇ ಇಲ್ಲ, 54 ದಿನವಾಯಿತು. ಕೆಳಗಿನ ಸಾಲಿನ ನಾಲ್ಕೈದು ಮರದಲ್ಲಿ ಕೊಳೆ ಕಾಣಿಸಿಕೊಂಡಿದೆ. ಬಿದ್ದ ಕಾಯಿ ಹೆಕ್ಕಿ ತೋಟದಿಂದ ಹೊರಗೆ ಹಾಕಿದ್ದೇವೆ. ಉಳಿದದ್ದು ಸದ್ಯಕ್ಕೆ ಪರವಾಗಿಲ್ಲ.

ಮದ್ದಿನ ಅಳತೆ ನಿಮಗೆಲ್ಲ ಗೊತ್ತುಂಟು. ಮೈಲುತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು 100 ಲೀಟರ್. ಆದರೆ ಸುಣ್ಣ ಹಳತಾಗಿದ್ದರೆ ಅಳತೆ ಸರಿ ಇದ್ದೂ ಮದ್ದು ಹುಳಿಯಾಗಿಯೇ ಉಳಿಯುತ್ತದೆ. ಹೊಳೆಯುವ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದಿ ತೆಗೆದು ನೋಡಿ. ತಾಮ್ರದ ಕೆಂಪು ಹಿಡಿದಿದ್ದರೆ ಇನ್ನಷ್ಟು ಸುಣ್ಣದ ನೀರು ಬೇಕು ಅಂತ ಅರ್ಥ. ನಮ್ಮಲ್ಲಿ ಆ ಕೆಲಸ ತಮ್ಮನದ್ದು. ಕತ್ತಿ ಅದ್ದುವಾಗೆಲ್ಲ ಅವನು ನನ್ನ ಮುಖ ನೋಡಿ ನಗುತ್ತಾನೆ. ಯಾಕೆ ಅಂತ ಮುಂದೆ ಬರುತ್ತದೆ.

ಮೊನ್ನೆ ಸೊಸೈಟಿಯಲ್ಲಿ ಸುಣ್ಣಕ್ಕೆ ನಿಂತಿದ್ದಾಗ ನಮ್ಮ ಊರಿನವರೇ ಒಬ್ಬರು ಕೇಳಿದರು, "ನೀವು ಮದ್ದು ಬಿಡುವ ಮೊದಲು ಶಿಲುಬೆ ಗುರುತು ಹಾಕ್ತೀರಲ್ಲ, ಅದರಿಂದ ಮಳೆ ನಿಲ್ತದಾ? ನಿಲ್ಲುವುದಾದರೆ ನಮ್ಮ ತೋಟಕ್ಕೂ ಒಮ್ಮೆ ಬನ್ನಿ ಮಾರಾಯ್ರೇ." ಎಲ್ಲರೂ ನಕ್ಕರು, ನಾನೂ ನಕ್ಕೆ. ನಿಲ್ಲುವುದಿಲ್ಲ ಅಂದೆ. ಮನೆಗೆ ಬಂದ ಮೇಲೆ, ಕೇಳಿದವರಿಗೆ ಸರಿಯಾದ ಉತ್ತರ ಕೊಡಲಿಲ್ಲ ಅನ್ನಿಸಿತು. ಹಾಗಾಗಿ ಇವತ್ತು ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ. ಕೃಷಿ ಕಡಿಮೆ, ಮನೆಯ ವಿಷಯ ಜಾಸ್ತಿ. ಸಮಯ ಇದ್ದವರು ಓದಿ.

ನಾವು ಹುಟ್ಟಿದಂದಿನಿಂದ ಇಗರ್ಜಿಗೆ ಹೋಗುವವರೇ. ಸಂಜೆ ದೀಪ ಹಚ್ಚಿದ ಮೇಲೆ ಮನೆಯವರೆಲ್ಲ ಕೂತು ಜಪಸರ ಹೇಳುವುದು, ನಮ್ಮ ಕೊಂಕಣಿಯಲ್ಲಿ ಅದಕ್ಕೆ ತೆರ್ಸ್ ಅನ್ನುತ್ತೇವೆ. ಪಪ್ಪಾ ಇದ್ದಾಗ ತೆರ್ಸ್ ತಪ್ಪಿದರೆ ಊಟ ಇಲ್ಲ. ಅವರು ಹೋದ ಮೇಲೂ ಅದು ನಡೆಯಿತು. ಆದರೆ ನನಗೆ ನಂಬಿಕೆ ಇತ್ತಾ ಅಂತ ಕೇಳಿದರೆ, ಅರ್ಜಿ ಫಾರ್ಮಿನ ಧರ್ಮ ಎಂಬ ಜಾಗದಲ್ಲಿ ಕ್ರಿಶ್ಚಿಯನ್ ಅಂತ ಬರೆಯುವಷ್ಟು ಇತ್ತು. ಬಾಯಿ ಪ್ರಾರ್ಥನೆ ಹೇಳುತ್ತಿರುವಾಗ ತಲೆ ಅಡಿಕೆ ರೇಟಿನ ಮೇಲಿರುತ್ತಿತ್ತು.

2019ರ ಬೇಸಿಗೆ ನಿಮಗೆಲ್ಲ ನೆನಪಿರಬಹುದು. ತುಂಬೆಯಲ್ಲೇ ನೀರು ಇಳಿದು ಮಂಗಳೂರಿಗೆ ಸರದಿ ಮೇಲೆ ನೀರು ಬಿಟ್ಟ ವರ್ಷ. ನಮ್ಮ ಬಾವಿ ಮಾರ್ಚ್ ಕೊನೆಗೇ ಬತ್ತಿತು. ಉಳಿದದ್ದು ಪಪ್ಪಾ ತೆಗೆಸಿದ ಒಂದು ಬೋರು. ಪಾಲಾಗುವಾಗ ಬರೆದದ್ದು ಒಂದು ದಿನ ನನಗೆ, ಒಂದು ದಿನ ತಮ್ಮನಿಗೆ. ನಾನು ಮೂಲಮನೆಯಲ್ಲಿ, ಅವನು ತೋಡಿನ ಆಚೆ ಮನೆ ಕಟ್ಟಿಕೊಂಡವನು. ಮೇ ತಿಂಗಳಿಗೆ ಬೋರು ಎರಡು ಗಂಟೆ ನಡೆದರೆ ಗಾಳಿ ಎಳೆಯುತ್ತಿತ್ತು. ಸೋಗೆ ಜೋತು ಬಿದ್ದಿತ್ತು, ನಳ್ಳಿ ಉದುರುತ್ತಿತ್ತು.

ಒಂದು ರಾತ್ರಿ ನನ್ನ ಪಾಳಿ. ಹತ್ತು ಗಂಟೆಗೆ ತ್ರೀ ಫೇಸ್ ಬಂತು, ಪಂಪು ಹಾಕಿದೆ, ಕಾಲು ಗಂಟೆಯಲ್ಲಿ ನೀರು ನಿಂತಿತು. ಮಧ್ಯಾಹ್ನ ತಮ್ಮ ಪಂಪು ಹಾಕಿದ್ದ ಅಂತ ಆಗ ಗೊತ್ತಾಯಿತು. ಹಿಂದಿನ ದಿನ ಅವನ ಪಾಳಿಯಲ್ಲಿ ಕರೆಂಟು ಇರಲಿಲ್ಲ, ಅದಕ್ಕೆ ಒಂದು ಗಂಟೆ ತಗೊಂಡಿದ್ದ. ಕೇಳಿದ್ದರೆ ಕೊಡುತ್ತಿದ್ದೆನೋ ಏನೋ. ಅವನು ಕೇಳಲಿಲ್ಲ. ನಾನೂ ಕೇಳಲಿಲ್ಲ. ಸೊಂಟದಲ್ಲಿ ಕತ್ತಿ ಇತ್ತು. ಅವನ ಮೇಲಿನ ತೋಟಕ್ಕೆ ಹೋಗುವ ಪೈಪನ್ನು ಪೊದೆಯ ಎಡೆಯಲ್ಲಿ ಒಂದೇ ಏಟಿಗೆ ಕಡಿದು ಬಂದು ಮಲಗಿದೆ.

ಬೆಳಿಗ್ಗೆ ಜಗಳ ಆಯಿತು. ನೀರು ಕದ್ದೆ ಅಂತ ನಾನು ಬೈದೆ. ಪೈಪ್ ಯಾರು ಕಡಿದದ್ದು ಅಂತ ಅವನು ಕೇಳಿದ. ಮುಳ್ಳುಹಂದಿ ಕಚ್ಚಿರಬೇಕು ಅಂದೆ. ನಮ್ಮ ಕಡೆ ಮುಳ್ಳುಹಂದಿ ಪೈಪ್ ಕಚ್ಚುವುದು ಹೊಸತಲ್ಲವಲ್ಲ. ಅವನು ಮತ್ತೆ ಮಾತಾಡಲಿಲ್ಲ. ಆ ಪೈಪ್ ಸರಿಯಾಗಲು ನಾಲ್ಕು ದಿನ ಹಿಡಿಯಿತು. ಅಷ್ಟರಲ್ಲಿ ಅವನ ಎರಡು ವರ್ಷದ ಸಸಿಗಳಲ್ಲಿ ಅರುವತ್ತರಷ್ಟು ಒಣಗಿ ಹೋಯಿತು.

ಅಲ್ಲಿಂದ ಮೂರು ವರ್ಷ ನಾವು ಮಾತಾಡಲಿಲ್ಲ. ಅದೇ ಆಗಸ್ಟಿನಲ್ಲಿ ನೆರೆ ಬಂತು, ಕೊಳೆರೋಗ ಬಂತು, ನನ್ನ ಬೆಳೆಯೂ ಅರ್ಧಕ್ಕರ್ಧ ಹೋಯಿತು. ದೇವರು ಲೆಕ್ಕ ಚುಕ್ತಾ ಮಾಡಿದ ಅಂತ ಹೆದರಿದೆ. ಹೆದರಿದೆ ಅಷ್ಟೇ, ಹೋಗಿ ಹೇಳಲಿಲ್ಲ. ಈಸ್ಟರಿನ ಮೊದಲು ಪಾಪನಿವೇದನೆಗೆ ಹೋದಾಗಲೂ ಕೋಪ, ಆಲಸ್ಯ ಅಂತ ಹೇಳಿ ಎದ್ದು ಬಂದೆ. ಪೈಪಿನ ವಿಷಯ ಬಾಯಿಗೆ ಬರಲಿಲ್ಲ. ದಿನಾ ಸಂಜೆ ಮಾತ್ರ, ನಾವು ಬೇರೆಯವರನ್ನು ಕ್ಷಮಿಸಿದ ಹಾಗೆ ನಮ್ಮನ್ನೂ ಕ್ಷಮಿಸು ಅಂತ ಬೇಡುವ ಪ್ರಾರ್ಥನೆ ತಪ್ಪದೆ ಹೇಳುತ್ತಿದ್ದೆ. ಎಂತ ಹೇಳುತ್ತಿದ್ದೇನೆ ಅಂತ ಕೇಳಿಸಿಕೊಂಡಿರಲಿಲ್ಲ.

ಅಮ್ಮನನ್ನು ನಾವು ಮಾಂಯ್ ಅನ್ನುತ್ತೇವೆ. ಮಾಂಯ್ ಈ ಜಗಳದಲ್ಲಿ ಯಾರ ಪರವೂ ಒಂದು ಮಾತು ಆಡಲಿಲ್ಲ. ಅವರ ಊಟ, ನಿದ್ರೆ ನಮ್ಮ ಮನೆಯಲ್ಲಿ. ಆದರೆ ಒಂದು ಸಂಜೆ ನಮ್ಮಲ್ಲಿ ತೆರ್ಸಿಗೆ ಕೂತರೆ ಮರು ಸಂಜೆ ಟಾರ್ಚ್ ಹಿಡಿದು ಅಡಿಕೆ ಮರದ ಸಂಕ ದಾಟಿ ತಮ್ಮನ ಮನೆಗೆ. ಮುಗಿದ ಮೇಲೆ ಅವನ ಮಗ ನಮ್ಮ ಅಂಗಳದ ತುದಿಯವರೆಗೆ ಬಿಟ್ಟು ಹೋಗುತ್ತಿದ್ದ. ಮೊಮ್ಮಕ್ಕಳನ್ನು ನೋಡಲು ಹೋಗುವುದು ಅಂತ ನಾನು ತಿಳಿದಿದ್ದೆ. 2020ರಲ್ಲಿ ಲಾಕ್‌ಡೌನಿಗೆ ಇಗರ್ಜಿಯ ಬಾಗಿಲು ಮುಚ್ಚಿದಾಗಲೂ ಮಾಂಯ್ ಸಂಕ ದಾಟುವುದು ನಿಲ್ಲಲಿಲ್ಲ.

ಮೊಂತಿ ಹಬ್ಬ ನಿಮಗೆ ಗೊತ್ತುಂಟು, ಸೆಪ್ಟೆಂಬರ್ 8ಕ್ಕೆ ಮರಿಯಮ್ಮನವರ ಹುಟ್ಟುಹಬ್ಬ. ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ಕೊಂಡುಹೋಗುತ್ತಾರೆ. ಹಬ್ಬದ ದಿನ ಇಗರ್ಜಿಯಲ್ಲಿ ಆಶೀರ್ವಾದ ಮಾಡಿದ ಭತ್ತದ ತೆನೆ ಮನೆಗೆ ಬರುತ್ತದೆ. ಅದರ ಅಕ್ಕಿ ಹಾಲಿಗೆ ಸೇರಿಸಿ ಎಲ್ಲರೂ ಒಂದೊಂದು ಗುಟುಕು ಕುಡಿದ ಮೇಲೆ ಊಟ. ಮೀನು ಮಾಂಸ ಇಲ್ಲದ ಊಟ. ನೀವು ಹೊಸ ಅಕ್ಕಿ ಉಣ್ಣುವ ಹಾಗೆಯೇ, ಕುಟುಂಬವೆಲ್ಲ ಒಟ್ಟಿಗೆ ಕೂರಬೇಕು ಎಂಬುದು ಅದರ ನಿಯಮ. ಆ ಮೂರು ವರ್ಷ ನಮ್ಮಲ್ಲಿ ಎರಡು ಊಟ. ಮಾಂಯ್ ಇಲ್ಲಿ ಅರ್ಧ ಉಂಡು ಕೈ ತೊಳೆದು ಅಲ್ಲಿ ಅರ್ಧ ಉಣ್ಣಲು ಹೋಗುತ್ತಿದ್ದರು. ನಾನು ಅದನ್ನು ನೋಡಿಯೂ ಉಂಡಿದ್ದೇನೆ.

2022ರ ಜುಲೈಯಲ್ಲಿ ಮಾಂಯ್ ಅಂಗಳದ ಪಾಚಿಯಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ ಮುರಿದು ಆಪರೇಷನ್ ಆಯಿತು. ಆಸ್ಪತ್ರೆಯಲ್ಲಿ ಹಗಲು ನಾನು, ರಾತ್ರಿ ತಮ್ಮ. ಬಾಗಿಲಲ್ಲಿ ಎದುರಾದರೆ ಔಷಧಿಯ ಚೀಟಿ ಕೈಗೆ ಕೊಡುವುದು, ಮಾತಿಲ್ಲ.

ಮನೆಗೆ ಕರೆದುಕೊಂಡು ಬಂದ ದಿನ ಹೆಂಡತಿ ಹೇಳಿದಳು, "ಇನ್ನು ಮಾಂಯ್‌ಗೆ ಆಚೆ ಹೋಗಲಿಕ್ಕಾಗುವುದಿಲ್ಲ. ಅವರು ಯಾವ ದಿನ ಹೋಗ್ತಾ ಇದ್ದದ್ದು ಅಂತ ನಿಮಗೆ ಗೊತ್ತಾಗಲೇ ಇಲ್ವಾ?" ನನಗೆ ಗೊತ್ತಿರಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಬೋರಿನ ನೀರು ನಮ್ಮ ಪಾಲಿಗಿದ್ದ ದಿನ ಮಾಂಯ್ ತಮ್ಮನ ಮನೆಯಲ್ಲಿ. ಅವನ ಪಾಲಿಗಿದ್ದ ದಿನ ನಮ್ಮ ಮನೆಯಲ್ಲಿ. ಮೂರು ವರ್ಷ ಒಂದು ದಿನವೂ ಲೆಕ್ಕ ತಪ್ಪಿರಲಿಲ್ಲ. ಮಳೆಗಾಲದಲ್ಲಿ ಪಂಪು ಹಾಕದಿದ್ದರೂ ಅದೇ ಸರದಿ. ಮಾಂಯ್ ಹತ್ತಿರ ಕೇಳಿದೆ, ಯಾಕೆ ಹಾಗೆ ಅಂತ. "ನೀರು ಇದ್ದವನಿಗೆ ನಿದ್ರೆ ಬರ್ತದೆ. ಇಲ್ಲದವನಿಗೆ ಬರುವುದಿಲ್ಲ ಮಗಾ," ಅಂದರು. ಅಷ್ಟೇ.

ಅದೇ ಸಂಜೆ ಏಳೂಕಾಲಕ್ಕೆ ಸಂಕದ ಮೇಲೆ ಟಾರ್ಚ್ ಕಾಣಿಸಿತು. ತಮ್ಮ, ಅವನ ಹೆಂಡತಿ, ಮಗ. ಮಾಂಯ್ ಬರಲಾಗದಿದ್ದರೆ ತಾವೇ ಬರುವುದು ಅಂತ ಬಂದಿದ್ದರು. ಮಾಂಯ್ ಮಲಗಿದ್ದ ಕೋಣೆಯಲ್ಲೇ ಚಾಪೆ ಹಾಸಿದೆವು. ಅವನು ಬಾಗಿಲ ಹತ್ತಿರ, ನಾನು ಕಿಟಕಿಯ ಹತ್ತಿರ.

ತೆರ್ಸ್ ಹೇಗೆ ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅದರಲ್ಲಿ ಹತ್ತು ಹತ್ತರ ಐದು ಸುತ್ತು. ಒಂದೊಂದು ಸುತ್ತನ್ನು ಒಬ್ಬೊಬ್ಬರು ಮುಂದೆ ನಿಂತು ಹೇಳಬೇಕು. ಆದರೆ ಪ್ರಾರ್ಥನೆ ಪೂರ್ತಿ ಅವರು ಹೇಳುವುದಿಲ್ಲ. ಮೊದಲ ಅರ್ಧ ಅವರು, ಉಳಿದ ಅರ್ಧ ಬೇರೆಯವರು. ನಾಲ್ಕನೇ ಸುತ್ತು ತಮ್ಮನದ್ದು. ಅವನು ಅರ್ಧ ಹೇಳಿ ನಿಲ್ಲಿಸಿದ. ಉಳಿದ ಅರ್ಧ ನನ್ನ ಬಾಯಿಂದ ಬರಬೇಕಿತ್ತು. ಬಂತು. ಮೂರು ವರ್ಷದ ನಂತರ ಅವನ ಮಾತಿಗೆ ನಾನು ಉತ್ತರ ಕೊಟ್ಟದ್ದು ಹಾಗೆ, ಒಂದರ ಹಿಂದೆ ಒಂದು ಹತ್ತು ಸಲ.

ಮುಗಿದ ಮೇಲೆ ಕಿರಿಯರು ಹಿರಿಯರ ಹತ್ತಿರ ಬೆಸಾಂವ್ ಕೇಳಬೇಕು, ಅಂದರೆ ಆಶೀರ್ವಾದ. ತಮ್ಮ ಮಾಂಯ್ ಹತ್ತಿರ ಕೇಳಿದ. ಆಮೇಲೆ ಹೊರಗೆ ಹೋಗುತ್ತಾನೆ ಅಂತ ನಾನು ಅಂದುಕೊಂಡೆ. ಅವನು ತಿರುಗಿ ನನ್ನ ಎದುರು ಬಂದು ಕೈ ಮುಗಿದ. ಪಪ್ಪಾ ಇಲ್ಲದ ಮನೆಯಲ್ಲಿ ಅಣ್ಣನ ಹತ್ತಿರ ಕೇಳುವುದು ಪದ್ಧತಿ. ನಾನು ಹೇಳಬೇಕಾದದ್ದು ಇಷ್ಟೇ, ದೇವ್ ಬರೆಂ ಕರುಂ, ದೇವರು ಒಳ್ಳೆಯದು ಮಾಡಲಿ ಅಂತ. ಬಾಯಿ ಬರಲಿಲ್ಲ. ಅರುವತ್ತು ಸಸಿ ಒಣಗಿಸಿದವನು ಯಾವ ಬಾಯಲ್ಲಿ ಹೇಳುವುದು?

"ಪೈಪ್ ಕಡಿದದ್ದು ನಾನು," ಅಂದೆ.

"ಗೊತ್ತುಂಟು," ಅಂದ. "ಮುಳ್ಳುಹಂದಿ ಕಚ್ಚಿದರೆ ಹಲ್ಲಿನ ಗುರುತು ಇರ್ತದೆ. ಅದು ಕತ್ತಿಯ ಏಟು. ಅವತ್ತೇ ಗೊತ್ತಾಗಿತ್ತು."

ಹಾಸಿಗೆಯಿಂದ ಮಾಂಯ್ ಸೊಸೆಯಂದಿರಿಗೆ ಹೇಳಿದರು, "ಎಲ್ಲರಿಗೂ ಬಟ್ಟಲು ಇಡಿ."

ಆ ರಾತ್ರಿ ನಿದ್ರೆ ಬರಲಿಲ್ಲ. ಯಾರಿಗೂ ಗೊತ್ತಿಲ್ಲ ಅಂತ ಮೂರು ವರ್ಷ ಹೊತ್ತುಕೊಂಡು ನಡೆದ ವಿಷಯ ಮೊದಲ ದಿನದಿಂದಲೇ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಬಂದ, ನನ್ನ ಎದುರು ತಲೆ ತಗ್ಗಿಸಿದ. ಕಳೆದುಹೋದ ಮಗನ ಕಥೆಯನ್ನು ಇಗರ್ಜಿಯಲ್ಲಿ ನೂರು ಸಲ ಕೇಳಿದ್ದೇನೆ. ಮಗ ಇನ್ನೂ ದೂರದಲ್ಲಿ ಇರುವಾಗಲೇ ಅಪ್ಪ ಓಡಿ ಬರುತ್ತಾನೆ, ಮಗ ಬಾಯಿಪಾಠ ಮಾಡಿಕೊಂಡು ಬಂದ ಕ್ಷಮೆಯ ಮಾತನ್ನು ಹೇಳಿ ಮುಗಿಸಲೂ ಬಿಡುವುದಿಲ್ಲ. ಅದು ಕಥೆ ಅಂತ ಕೇಳಿದ್ದೆ. ದೇವರು ಅಂದರೆ ತಪ್ಪು ಹಿಡಿಯಲು ಕಾದು ಕೂತ ಮೇಸ್ತ್ರಿಯ ಹಾಗೆ ಅಂತ ತಿಳಿದು ಹೆದರಿದವನು ನಾನು. ತಪ್ಪು ಪೂರ್ತಿ ಗೊತ್ತಿದ್ದೂ ಟಾರ್ಚ್ ಹಿಡಿದು ಮನೆಗೆ ಬರುವವನು ಇರುತ್ತಾನೆ ಅಂತ ಆ ರಾತ್ರಿ ನನಗೆ ಅರ್ಥವಾಯಿತು. ನಂಬಿಕೆ ಬಂತು ಅಂತ ಹೇಳುವುದಾದರೆ ನನಗೆ ಬಂದದ್ದು ಅಲ್ಲಿ, ಮಾಂಯ್ ಹಾಸಿಗೆಯ ಬದಿಯಲ್ಲಿ. ಮುಂದಿನ ಶನಿವಾರ ಫಾದರ್ ಹತ್ತಿರ ಹೋಗಿ ಪೈಪಿನ ಪಾಪವನ್ನೂ ಹೇಳಿ ಬಂದೆ.

ಅದರಿಂದ ತೋಟಕ್ಕೆ ಏನೂ ಪವಾಡ ಆಗಲಿಲ್ಲ. ಕೊಳೆರೋಗ ಈಗಲೂ ಬರುತ್ತದೆ, ಎಲೆಚುಕ್ಕಿಯ ಹೆದರಿಕೆ ಇದ್ದೇ ಇದೆ. ಒಣಗಿದ ಸಸಿಯ ಜಾಗಕ್ಕೆ ನನ್ನ ಖರ್ಚಿನಲ್ಲಿ ಸಸಿ ಇಟ್ಟೆವು. ಗುಂಡಿ ತೆಗೆದದ್ದು ಇಬ್ಬರೂ. ಒಂದು ಟ್ಯಾಂಕ್ ಕಟ್ಟಿ ಇಬ್ಬರ ತೋಟಕ್ಕೂ ಡ್ರಿಪ್ ಮಾಡಿದೆವು. ಡ್ರಿಪ್ಪಿನಲ್ಲಿ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕು ಎನ್ನುವುದು ಸಿಪಿಸಿಆರ್‌ಐಯವರ ಲೆಕ್ಕ. ನಾವು ಪೈಪ್ ಹಿಡಿದು ಬಿಡುತ್ತಿದ್ದ ನೀರು ಅದಕ್ಕಿಂತ ಎಷ್ಟೋ ಹೆಚ್ಚು. ಒಂದು ಬೋರಿನ ನೀರು ಇಬ್ಬರಿಗೆ ಸಾಲುವುದಿಲ್ಲ ಅಂತ ಮಾಡಿದ ಜಗಳಕ್ಕೆ ಅರ್ಧ ಪರಿಹಾರ ಅದರಲ್ಲೇ ಇತ್ತು. ನೀರಿನ ಪಾಲು ಇರುವವರು, ಜಗಳ ಆಗುವ ಮೊದಲೇ ಒಟ್ಟಿಗೆ ಕೂತು ಲೆಕ್ಕ ಹಾಕಿ.

ಈಗ ಸೊಸೈಟಿಯಲ್ಲಿ ಕೇಳಿದವರಿಗೆ ಉತ್ತರ. ಶಿಲುಬೆ ಗುರುತು ಹಾಕಿದರೆ ಮಳೆ ನಿಲ್ಲುವುದಿಲ್ಲ. ಮದ್ದು ಬಿಟ್ಟು ಒಂದು ಗಂಟೆಗೆ ಜೋರು ಮಳೆ ಬಂದು ಎಲ್ಲ ತೊಳೆದು ಹೋದದ್ದೂ ಉಂಟು. ಆ ದಿನ ನನಗೆ ಬೇಸರ ಆಗುತ್ತದೆ, ಮೊದಲಿನ ಹಾಗೆ ಹೆದರಿಕೆ ಆಗುವುದಿಲ್ಲ. ಬೆಳೆ ಹೋದರೂ ನನ್ನನ್ನು ಕೈಬಿಡದವನು ಒಬ್ಬ ಇದ್ದಾನೆ ಅಂತ ಗುರುತು ಹಾಕುವ ಆ ಒಂದು ಗಳಿಗೆ ನೆನಪಾಗುತ್ತದೆ. ನಿಮ್ಮ ಮನೆಯಲ್ಲಿ ಭಜನೆ ಇರಬಹುದು, ನಮಾಜ್ ಇರಬಹುದು. ನಿಮಗೆ ಅದು ಎಲ್ಲಿ ಸಿಕ್ಕಿತು ಅಂತ ನೀವೇ ಹೇಳಬೇಕು.

ಮಾಂಯ್ ಈಗ ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತಾರೆ. ಮೊಂತಿ ಹಬ್ಬಕ್ಕೆ ಇನ್ನು ಒಂದು ತಿಂಗಳು. ಊಟ ಒಂದೇ ಕಡೆ, ಈ ಸಲ ತಮ್ಮನ ಮನೆಯಲ್ಲಿ. ಸಂಕದ ಮೇಲೆ ಮಾಂಯ್‌ಯನ್ನು ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹೋಗುವುದು ಅಂತ ತೀರ್ಮಾನ ಆಗಿದೆ. ಮೊದಲು ಆ ಸಂಕದ ಎರಡು ಕುಂಬು ಮರ ಬದಲಾಯಿಸಬೇಕು.

ನಿನ್ನೆ ಮದ್ದು ಮಾಡುವಾಗ ತಮ್ಮ ಕತ್ತಿ ಅದ್ದಿ ತೆಗೆದ. ಸ್ವಲ್ಪ ಕೆಂಪು ಹಿಡಿದಿತ್ತು. "ಸುಣ್ಣ ಸಾಲದು. ಮುಳ್ಳುಹಂದಿಯ ಹಲ್ಲು ಕೆಂಪಾಗಿದೆ," ಅಂದ. ಇನ್ನೊಂದು ತಂಬಿಗೆ ಸುಣ್ಣದ ನೀರು ಹೊಯ್ದೆವು, ಆಮೇಲೆ ಸರಿಯಾಯಿತು.

ಮಳೆ ಬಿಟ್ಟ ಕೂಡಲೇ ಮದ್ದು ಬಿಡಿ, 45 ದಿನ ದಾಟಿಸಬೇಡಿ.